‘ಸಕ್ಕರೆ ಹಾಕಿಲ್ಲ, ಶುಗರ್ ಇದ್ದವರೂ ಎಷ್ಟು ಬೇಕಾದರೂ ತಿನ್ನಬಹುದು’: ಈ ಚಾಕೊಲೇಟ್ ಪುಡ್ಡಿಂಗ್ ಬಟ್ಟಲಿನಲ್ಲಿ ನಿಜವಾಗಿ ಏನಿದೆ?

ಕಳೆದ ತಿಂಗಳು ಬೆಳಗಾವಿಯ ಕ್ಯಾಂಪ್‌ನಲ್ಲಿರುವ ನಮ್ಮ ಕಾಕು ಮನೆಯಲ್ಲಿ ಒಂದು ಹುಟ್ಟುಹಬ್ಬ ಇತ್ತು. ಮೇಜಿನ ಮೇಲೆ ಕುಂದಾ ಡಬ್ಬಿ ತೆರೆದಿತ್ತು. ಹನ್ನೆರಡು ವರ್ಷದಿಂದ ಶುಗರ್ ಇರುವ ಕಾಕಾ ಅದನ್ನು ಮುಟ್ಟಲಿಲ್ಲ. ಆದರೆ ಫ್ರಿಜ್ಜಿನಿಂದ ಹೊರಬಂದ ತಣ್ಣನೆಯ ಚಾಕೊಲೇಟ್ ಪುಡ್ಡಿಂಗನ್ನು ಎರಡು ಬಟ್ಟಲು ತಿಂದರು. “ಏನೂ ಆಗೂದಿಲ್ಲ, ತಗೋರಿ. ಇದಕ್ಕ ಒಂದ್ ಚಮಚಾ ಸಕ್ರಿ ಹಾಕಿಲ್ಲ,” ಎಂದು ಕಾಕು ತಾವೇ ಬಡಿಸಿದ್ದರು.

ಒಂದು ಗಂಟೆ ಬಿಟ್ಟು ಕಾಕಾ ಗ್ಲುಕೋಮೀಟರ್‌ನಲ್ಲಿ ನೋಡಿಕೊಂಡರು: 168. ಎಲ್ಲರಿಗೂ ಖುಷಿ. ಮಲಗುವ ಮುಂಚೆ, ಅಂದರೆ ಸುಮಾರು ಮೂರು ಗಂಟೆಯ ನಂತರ, ಯಾಕೋ ಬಾಯಿ ಒಣಗುತ್ತಿದೆ ಎಂದು ಮತ್ತೊಮ್ಮೆ ನೋಡಿದರು: 286.

ಸಕ್ಕರೆಯನ್ನೇ ಹಾಕದ ತಿಂಡಿಯಿಂದ ಸಕ್ಕರೆ ಏರಿದ್ದು ಹೇಗೆ? ಉತ್ತರ ಕಾಕು ಅವರ ಫೋನಿನಲ್ಲೇ ಇತ್ತು. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತಿನ ಜೊತೆ ಬಂದ ಒಂದು ರೆಸಿಪಿ. ಇಂಥದ್ದು ನಿಮ್ಮ ಗ್ರೂಪಿಗೂ ಬಂದಿರಬಹುದು.

ಮೊದಲು ಲೆಕ್ಕ ಹಾಕೋಣ

ಸಂದೇಶದ ಹೆಸರು ‘ಲೋ ಕಾರ್ಬ್ ಶುಗರ್ ಫ್ರೀ ಚಾಕೊಲೇಟ್ ಪುಡ್ಡಿಂಗ್’. ನಾಲ್ಕು ಜನರಿಗೆ ಬೇಕಾಗುವ ಸಾಮಾನು ಮತ್ತು ಅದರಲ್ಲಿರುವ ಕಾರ್ಬೋಹೈಡ್ರೇಟ್ (ಶರ್ಕರಪಿಷ್ಟ) ಅಂದಾಜು ಹೀಗಿದೆ:

- ಬೀಜ ತೆಗೆದ ಖರ್ಜೂರ 15, ಸುಮಾರು 120 ಗ್ರಾಂ: 90 ಗ್ರಾಂ ಕಾರ್ಬ್
- ಮಾರಿ ಬಿಸ್ಕತ್ತು 10: 42 ಗ್ರಾಂ
- ಡ್ರಿಂಕಿಂಗ್ ಚಾಕೊಲೇಟ್ ಪುಡಿ 3 ದೊಡ್ಡ ಚಮಚ: 25 ಗ್ರಾಂ
- ಹಾಲು ಅರ್ಧ ಲೀಟರ್: 24 ಗ್ರಾಂ
- ಕಸ್ಟರ್ಡ್ ಪುಡಿ 2 ದೊಡ್ಡ ಚಮಚ: 14 ಗ್ರಾಂ
- ಫ್ರೆಶ್ ಕ್ರೀಮ್ 1 ಪ್ಯಾಕೆಟ್, 200 ಮಿಲಿ: 8 ಗ್ರಾಂ

ಒಟ್ಟು 200 ಗ್ರಾಂ ದಾಟಿತು. ನಾಲ್ಕು ಪಾಲು ಮಾಡಿದರೆ ಒಂದು ಬಟ್ಟಲಿಗೆ ಸುಮಾರು 50 ಗ್ರಾಂ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಕಾರ್ಬ್ ಇರುತ್ತದೆ. ಅಂದರೆ ಕಾಕಾ ಊಟ ಮುಗಿಸಿದ ಮೇಲೆ ಮತ್ತೆ ಸುಮಾರು ಮೂರು ರೊಟ್ಟಿ ತಿಂದಂತಾಯಿತು. ಅದರಲ್ಲೂ ಹೆಚ್ಚಿನ ಪಾಲು ರೊಟ್ಟಿಯ ಪಿಷ್ಟವಲ್ಲ, ಖರ್ಜೂರದ ಮತ್ತು ಚಾಕೊಲೇಟ್ ಪುಡಿಯ ಸಕ್ಕರೆ.

ಕಾಕು ಸುಳ್ಳು ಹೇಳಿರಲಿಲ್ಲ. ಸಕ್ಕರೆ ಡಬ್ಬಿಯನ್ನು ಅವರು ನಿಜಕ್ಕೂ ತೆರೆದಿರಲಿಲ್ಲ. ಸಕ್ಕರೆ ಬೇರೆ ಡಬ್ಬಿಗಳಿಂದ ಬಂದಿತ್ತು.

‘ಶುಗರ್ ಫ್ರೀ’ ಮತ್ತು ‘ಲೋ ಕಾರ್ಬ್’ ಒಂದೇ ಅಲ್ಲ

ನಾವು ತಿನ್ನುವ ಕಾರ್ಬೋಹೈಡ್ರೇಟ್‌ನಲ್ಲಿ ಮುಖ್ಯವಾಗಿ ಮೂರು ಬಗೆ: ಸಕ್ಕರೆಗಳು, ಪಿಷ್ಟ ಮತ್ತು ನಾರು. ನಾರು ಹೆಚ್ಚೂಕಡಿಮೆ ಜೀರ್ಣವಾಗದೆ ಮುಂದೆ ಹೋಗುತ್ತದೆ. ಸಕ್ಕರೆ ಮತ್ತು ಪಿಷ್ಟ ಎರಡೂ ರಕ್ತದ ಗ್ಲೂಕೋಸನ್ನು ಏರಿಸುತ್ತವೆ. ಕಸ್ಟರ್ಡ್ ಪುಡಿ ಎಂದರೆ ಬಹುಪಾಲು ಮೆಕ್ಕೆಜೋಳದ ಪಿಷ್ಟ. ಅದು ನಾಲಿಗೆಗೆ ಸಿಹಿಯಲ್ಲ, ಆದರೆ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮದ ಪ್ರಕಾರ, 100 ಗ್ರಾಂ ಅಥವಾ 100 ಮಿಲಿ ಆಹಾರದಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ದರೆ ಮಾತ್ರ ಅದನ್ನು ‘ಶುಗರ್ ಫ್ರೀ’ ಎನ್ನಬಹುದು. ಗಮನಿಸಿ, ಇದು ಸಕ್ಕರೆಯ ಲೆಕ್ಕ ಮಾತ್ರ. ಮೈದಾ ಬಿಸ್ಕತ್ತು ಸಕ್ಕರೆಯಿಲ್ಲದೆ ತಯಾರಾದರೆ ‘ಶುಗರ್ ಫ್ರೀ’ ಆಗಬಹುದು, ‘ಲೋ ಕಾರ್ಬ್’ ಆಗುವುದಿಲ್ಲ. ಇನ್ನು ‘ನೋ ಆ್ಯಡೆಡ್ ಶುಗರ್’ ಎಂದರೆ ಮೇಲಿಂದ ಹಾಕಿಲ್ಲ ಎಂದಷ್ಟೇ. ಒಳಗೆ ಇಲ್ಲ ಎಂದಲ್ಲ.

ಹಾಗಾಗಿ ಪ್ಯಾಕೆಟ್ಟಿನ ಮುಂಭಾಗದ ದೊಡ್ಡ ಅಕ್ಷರಕ್ಕಿಂತ ಹಿಂಭಾಗದ ಸಣ್ಣ ಪಟ್ಟಿಯೇ ಉಪಯೋಗಕ್ಕೆ ಬರುವುದು. ಅಲ್ಲಿ ‘ಟೋಟಲ್ ಕಾರ್ಬೋಹೈಡ್ರೇಟ್’ ಎಂಬ ಸಾಲು ನೋಡಿ. ಸಾಮಾನಿನ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಹೆಸರೇ ಸಕ್ಕರೆ ಆಗಿದ್ದರೆ ಬೇರೇನೂ ಓದಬೇಕಿಲ್ಲ.

ಬೆಲ್ಲ, ಜೇನು, ಖರ್ಜೂರ ‘ನ್ಯಾಚುರಲ್’ ಅಲ್ಲವೇ?

ಕಬ್ಬಿನ ಜಿಲ್ಲೆ ಬೆಳಗಾವಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ರಾಜ್ಯದ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಇದೇ ಊರಿನಲ್ಲಿ. ಬೆಲ್ಲವೂ ಸಕ್ಕರೆಯೂ ಬರುವುದು ಒಂದೇ ಕಬ್ಬಿನ ಹಾಲಿನಿಂದ. ಬೆಲ್ಲದಲ್ಲಿ ಸ್ವಲ್ಪ ಖನಿಜ, ಸ್ವಲ್ಪ ತೇವ ಉಳಿದಿರುತ್ತದೆ, ಬಣ್ಣ ಮತ್ತು ಪರಿಮಳ ಇರುತ್ತದೆ. ಆದರೂ 100 ಗ್ರಾಂ ಬೆಲ್ಲದಲ್ಲಿ ಸುಮಾರು 85ರಿಂದ 95 ಗ್ರಾಂ ಕಾರ್ಬ್ ಇದೆ. ಜೇನಿನಲ್ಲಿ ಸುಮಾರು 82, ಒಣ ಖರ್ಜೂರದಲ್ಲಿ ಸುಮಾರು 75.

ಖರ್ಜೂರದಲ್ಲಿ ನಾರು ಇದೆ ಎನ್ನುವುದು ನಿಜ. ಎರಡು ಖರ್ಜೂರ ತಿನ್ನುವುದು ಒಂದು ಮಾತು, ಹದಿನೈದನ್ನು ಮಿಕ್ಸಿಯಲ್ಲಿ ಅರೆದು ಪುಡ್ಡಿಂಗಿಗೆ ಸುರಿಯುವುದು ಬೇರೆ ಮಾತು. ಬೆಲ್ಲ ಸಕ್ಕರೆಗಿಂತ ರುಚಿ ಎನ್ನಿಸಿದರೆ ಬೆಲ್ಲವನ್ನೇ ಬಳಸಿ. ಆದರೆ ಶುಗರ್ ಇದ್ದವರ ತಟ್ಟೆಯಲ್ಲಿ ಅದನ್ನು ಸಕ್ಕರೆ ಎಂದೇ ಎಣಿಸಿ.

ಫ್ರಿಜ್ಜಿನಲ್ಲಿಟ್ಟರೆ ಕಾರ್ಬ್ ಕಡಿಮೆಯಾಗುತ್ತದೆಯೇ?

ಈ ಮಾತಿಗೂ ಒಂದು ಎಳೆಯಷ್ಟು ವಿಜ್ಞಾನದ ಆಧಾರ ಇದೆ. ಬೇಯಿಸಿದ ಅನ್ನ ಅಥವಾ ಆಲೂಗಡ್ಡೆಯನ್ನು ತಣ್ಣಗೆ ಮಾಡಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಮತ್ತೆ ಬಿಗಿಯಾಗಿ ಜೋಡಣೆಗೊಂಡು, ಸುಲಭವಾಗಿ ಜೀರ್ಣವಾಗದ ಪಿಷ್ಟವಾಗುತ್ತದೆ. ಆದರೆ ಇದು ಪಿಷ್ಟಕ್ಕೆ ಮಾತ್ರ, ಅದೂ ಸ್ವಲ್ಪ ಭಾಗಕ್ಕೆ ಮಾತ್ರ ಅನ್ವಯಿಸುವ ಮಾತು. ಸಕ್ಕರೆ, ಬೆಲ್ಲ, ಖರ್ಜೂರವನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿಟ್ಟರೂ ಒಂದು ಗ್ರಾಂ ಕಡಿಮೆಯಾಗುವುದಿಲ್ಲ.

ತಣ್ಣನೆಯ ತಿಂಡಿಯಲ್ಲಿ ಆಗುವುದು ಇದಕ್ಕೆ ತಿರುಗಾಮುರುಗಾ. ನಮ್ಮ ನಾಲಿಗೆಯ ರುಚಿ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಇದೆ. ಸಿಹಿಯ ಸುದ್ದಿ ಮುಂದಕ್ಕೆ ಹೋಗಲು ಅದು ಬೇಕು. ಬೆಚ್ಚಗಿದ್ದಾಗ ಅದು ಚುರುಕು, ತಣ್ಣಗಿದ್ದಾಗ ಮಂದ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಕರಗಿದ ಐಸ್‌ಕ್ರೀಮ್ ನೆಕ್ಕಿ ನೋಡಿದರೆ ಇದು ತಾನಾಗಿ ತಿಳಿಯುತ್ತದೆ: ಗಟ್ಟಿಯಿದ್ದಾಗ ಹದವಾಗಿದ್ದದ್ದು ಕರಗಿದ ಮೇಲೆ ಅತಿ ಸಿಹಿ. ಅಂದರೆ ತಣ್ಣಗೆ ತಿನ್ನುವ ಸಿಹಿಗೆ ಸಾಮಾನ್ಯವಾಗಿ ಹೆಚ್ಚು ಸಕ್ಕರೆ ಹಾಕಿರುತ್ತಾರೆ, ನಾಲಿಗೆಗೆ ಅದು ಗೊತ್ತಾಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದೇ ಬೇಡವೇ?

ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಚಾಕೊಲೇಟಿನ ರುಚಿ ಸಕ್ಕರೆಯದ್ದಲ್ಲ, ಕೋಕೋದ್ದು. ಕೋಕೋ ನಮಗೆ ದೂರದ ಬೆಳೆಯೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುತ್ತಾರೆ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಕೋಕೋ ಬೀಜ ಕಹಿ. ಸಿಹಿ ನಾವು ಸೇರಿಸಿದ್ದು, ಎಷ್ಟು ಸೇರಿಸಬೇಕು ಎನ್ನುವುದೂ ನಮ್ಮ ಕೈಯಲ್ಲೇ ಇದೆ.

ಕಿರಾಣಿ ಅಂಗಡಿಯಲ್ಲಿ ‘ಅನ್‌ಸ್ವೀಟನ್ಡ್’ ಎಂದು ಬರೆದ ಕಹಿ ಕೋಕೋ ಪುಡಿ ಕೇಳಿ. ಡ್ರಿಂಕಿಂಗ್ ಚಾಕೊಲೇಟ್ ಬೇರೆ, ಅದರಲ್ಲಿ ಸಕ್ಕರೆಯೇ ಹೆಚ್ಚು. ಕೇಕ್ ಮೇಲೆ ಹಾಕುವ ‘ಡಾರ್ಕ್ ಕಾಂಪೌಂಡ್’ ಕೂಡ ಬೇರೆ, ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು, ಜೊತೆಗೆ ಸಾಕಷ್ಟು ಸಕ್ಕರೆ ಇರುತ್ತದೆ.

ಇನ್ನು ಗಟ್ಟಿಯಾಗಿ ನಿಲ್ಲಲು ಕಸ್ಟರ್ಡ್, ಬಿಸ್ಕತ್ತು ಬೇಕೆಂದೇನೂ ಇಲ್ಲ. ಬೆಳಗಾವಿ ಸೀಮೆಯ ಮನೆಗಳಿಗೆ ಗೊತ್ತಿರುವ ಒಂದು ವಸ್ತು ಇದೆ: ಶ್ರೀಖಂಡಕ್ಕೆ ಮಾಡುವ ಚಕ್ಕಾ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ಇಳಿದುಹೋಗುವ ನೀರಿನ ಜೊತೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕೂಡ ಒಂದಷ್ಟು ಹೋಗುತ್ತದೆ. ಉಳಿಯುವುದು ಹೆಚ್ಚಾಗಿ ಪ್ರೋಟೀನ್ ಮತ್ತು ಕೊಬ್ಬು. ಅದೇ ನಮ್ಮ ಪುಡ್ಡಿಂಗ್.

ನಾಲ್ಕು ಬಟ್ಟಲು ಚಾಕೊಲೇಟ್ ಚಕ್ಕಾ

ಬೇಕಾಗುವುದು: ಹುಳಿಯಿಲ್ಲದ ಗಟ್ಟಿ ಮೊಸರಿನ ಚಕ್ಕಾ 300 ಗ್ರಾಂ, ಫ್ರೆಶ್ ಕ್ರೀಮ್ 100 ಗ್ರಾಂ, ಕಹಿ ಕೋಕೋ ಪುಡಿ 20 ಗ್ರಾಂ (ಸುಮಾರು 4 ದೊಡ್ಡ ಚಮಚ), ಚಿಟಿಕೆ ಉಪ್ಪು, ಕಾಲು ಚಮಚ ಇನ್‌ಸ್ಟಂಟ್ ಕಾಫಿ ಪುಡಿ, ಎರಡು ಹನಿ ವೆನಿಲಾ.

1. ಒಂದು ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯ ಮೇಲೆ ಜರಡಿಯಲ್ಲಿಟ್ಟು ರಾತ್ರಿಯಿಡೀ ಫ್ರಿಜ್ಜಿನೊಳಗೆ ಬಿಡಿ. ಹೊರಗೆ ತೂಗುಹಾಕಿದರೆ ಹುಳಿಯಾಗುತ್ತದೆ, ಹುಳಿ ಮುಚ್ಚಲು ಸಿಹಿ ಜಾಸ್ತಿ ಬೇಕಾಗುತ್ತದೆ. ಸುಮಾರು 350–400 ಗ್ರಾಂ ಚಕ್ಕಾ ಸಿಗುತ್ತದೆ, ಅದರಲ್ಲಿ 300 ಗ್ರಾಂ ತೆಗೆದುಕೊಳ್ಳಿ.
2. ಕ್ರೀಮನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿಸಬೇಡಿ. ಅದಕ್ಕೆ ಕೋಕೋ, ಕಾಫಿ ಪುಡಿ, ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ. ಬಿಸಿಯಲ್ಲಿ ಕಲಸಿದಾಗ ಕೋಕೋ ಚೆನ್ನಾಗಿ ನೆನೆದು ಪರಿಮಳ ಬಿಡುತ್ತದೆ. ಕಾಫಿ ಮತ್ತು ಉಪ್ಪು ಚಾಕೊಲೇಟ್ ರುಚಿಯನ್ನು ಎತ್ತುತ್ತವೆ, ಆದ್ದರಿಂದ ಕಡಿಮೆ ಸಿಹಿ ಸಾಕಾಗುತ್ತದೆ.
3. ಇದು ಪೂರ್ತಿ ತಣ್ಣಗಾದ ಮೇಲೆ ಚಕ್ಕಾಕ್ಕೆ ಸೇರಿಸಿ. ಬಿಸಿಯಿರುವಾಗ ಹಾಕಿದರೆ ಒಡೆಯುತ್ತದೆ. ವೆನಿಲಾ ಮತ್ತು ಸಿಹಿ ಹಾಕಿ ನುಣ್ಣಗೆ ಕಲಸಿ.
4. ನಾಲ್ಕು ಸಣ್ಣ ಬಟ್ಟಲಿಗೆ ಹಾಕಿ 3–4 ಗಂಟೆ ಫ್ರಿಜ್ಜಿನಲ್ಲಿಡಿ.

ಸಿಹಿ ಬಿಟ್ಟು ಲೆಕ್ಕ ಹಾಕಿದರೆ, ನಾರನ್ನು ಕಳೆದು, ಒಂದು ಬಟ್ಟಲಿಗೆ ಸುಮಾರು 6 ಗ್ರಾಂ ಕಾರ್ಬ್. ಇದೇ ಚಕ್ಕಾಕ್ಕೆ ಶ್ರೀಖಂಡದ ರೀತಿ 200 ಗ್ರಾಂ ಸಕ್ಕರೆ ಹಾಕಿದ್ದರೆ ಬಟ್ಟಲಿಗೆ 50 ಗ್ರಾಂ ಸಕ್ಕರೆಯೇ ಹೆಚ್ಚಾಗುತ್ತಿತ್ತು.

ಆದರೆ ಕಾರ್ಬ್ ಕಡಿಮೆ ಎಂದರೆ ಕ್ಯಾಲೊರಿ ಕಡಿಮೆ ಎಂದಲ್ಲ. ಈ ಸಣ್ಣ ಬಟ್ಟಲಿನಲ್ಲೂ ಸುಮಾರು 170 ಕ್ಯಾಲೊರಿ ಇದೆ, ಹೆಚ್ಚಿನದು ಹಾಲಿನ ಕೊಬ್ಬಿನಿಂದ. ಒಂದು ಬಟ್ಟಲು ಸಿಹಿತಿಂಡಿ, ನಾಲ್ಕು ಬಟ್ಟಲು ಒಂದು ಊಟಕ್ಕೂ ಹೆಚ್ಚು.

ಇನ್ನೊಂದು ಎಚ್ಚರಿಕೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ಗಂಟೆಗಟ್ಟಲೆ ನಿಂತರೆ, ಹಾಲಿನ ಇಂಥ ತಿಂಡಿಯನ್ನು ಮರುದಿನಕ್ಕೆ ಇಡಬೇಡಿ. ಹಸಿ ಮೊಟ್ಟೆ ಹಾಕುವ ಮೂಸ್ ರೆಸಿಪಿಗಳನ್ನು ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಕೊಡದಿರುವುದೇ ಒಳ್ಳೆಯದು, ಸಾಲ್ಮೊನೆಲ್ಲಾ ಸೋಂಕಿನ ಭಯ ಇರುತ್ತದೆ.

ಸಿಹಿಗೆ ಏನು ಹಾಕುವುದು?

ಮೂರು ದಾರಿಗಳಿವೆ.

ಮೊದಲನೆಯದು, ಸಕ್ಕರೆಯನ್ನೇ ಹಾಕಿ, ಕಡಿಮೆ ಹಾಕಿ. ಇಡೀ ಪಾತ್ರೆಗೆ 4 ಸಣ್ಣ ಚಮಚ (20 ಗ್ರಾಂ) ಹಾಕಿದರೆ ಬಟ್ಟಲಿಗೆ ಒಟ್ಟು ಕಾರ್ಬ್ ಸುಮಾರು 11 ಗ್ರಾಂ ಆಗುತ್ತದೆ. ಸ್ವಲ್ಪ ಕಹಿಯಿರುವ ಚಾಕೊಲೇಟ್ ಇಷ್ಟವಾದವರಿಗೆ ಇಷ್ಟು ಸಾಕು.

ಎರಡನೆಯದು, ಸ್ಟೀವಿಯಾ, ಸುಕ್ರಲೋಸ್‌ನಂಥ ತೀವ್ರ ಸಿಹಿಕಾರಕಗಳು. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಹಾಗಾಗಿ ಪುಡಿಯ ರೂಪದಲ್ಲಿ ಮಾರುವಾಗ ಬೇರೆ ಪುಡಿ ಬೆರೆಸಿರುತ್ತಾರೆ. ಆ ಪುಡಿ ಲ್ಯಾಕ್ಟೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಆಗಿದ್ದರೆ ಅದರ ಕಾರ್ಬ್ ಕೂಡ ಎಣಿಸಬೇಕು. ತೂಕ ಇಳಿಸಿಕೊಳ್ಳಲು ಸಕ್ಕರೆಯೇತರ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದೇ ದಾಖಲೆ ಹೇಳುತ್ತದೆ. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಮಾತು ಬಿಟ್ಟುಹೋಗುತ್ತದೆ.

ಮೂರನೆಯದು, ಎರಿಥ್ರಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್‌ನಂಥ ಸಕ್ಕರೆ ಆಲ್ಕೋಹಾಲ್‌ಗಳು. ಹೆಸರಿಗೆ ಹೆದರಬೇಡಿ, ಇದರಲ್ಲಿ ಮದ್ಯ ಇಲ್ಲ. ಎರಿಥ್ರಿಟಾಲ್ ರಕ್ತದ ಸಕ್ಕರೆಯನ್ನು ಹೆಚ್ಚೂಕಡಿಮೆ ಏರಿಸುವುದಿಲ್ಲ, ಆದರೆ ತಣ್ಣಗಾದಾಗ ಮತ್ತೆ ಹರಳುಗಟ್ಟಿ ಬಾಯಿಗೆ ಮರಳು ಸಿಕ್ಕಂತಾಗುತ್ತದೆ, ನುಣ್ಣಗೆ ಪುಡಿ ಮಾಡಿ ಹಾಕಬೇಕು. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿತು ಎಂದು 2023ರ ಒಂದು ಅಧ್ಯಯನ ಹೇಳಿತ್ತು. ಅದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಹೃದಯದ ತೊಂದರೆ ಇರುವವರು ದಿನನಿತ್ಯ ಬಳಸುವ ಮುನ್ನ ವೈದ್ಯರನ್ನು ಕೇಳಿ. ‘ಶುಗರ್ ಫ್ರೀ’ ಚಾಕೊಲೇಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಮಾಲ್ಟಿಟಾಲ್ ಸಕ್ಕರೆಯಷ್ಟಲ್ಲದಿದ್ದರೂ ಗ್ಲೂಕೋಸನ್ನು ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ತರಲೇಬೇಡಿ, ನಾಯಿಗೆ ಅದು ವಿಷ. ಚಾಕೊಲೇಟ್ ಕೂಡ ಹಾಗೆಯೇ.

ಯಾವ ದಾರಿ ಹಿಡಿದರೂ ಒಂದೇ ನಿಯಮ: ಒಂದು ಚಮಚದಷ್ಟನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ರುಚಿ ನೋಡಿ, ಆಮೇಲೆ ಬೇಕಾದರೆ ಸೇರಿಸಿ.

‘ಒಂದು ಗಂಟೆಗೆ ಚೆಕ್ ಮಾಡಿದೆ, ನಾರ್ಮಲ್ ಇತ್ತು’

ಕಾಕಾ ಅವರ 168ಕ್ಕೆ ಈಗ ಬರೋಣ. ಆ ಪುಡ್ಡಿಂಗಿನಲ್ಲಿ ಒಂದು ಪ್ಯಾಕೆಟ್ ಕ್ರೀಮ್ ಇತ್ತು. ಕೊಬ್ಬು ಜಾಸ್ತಿಯಿದ್ದರೆ ಹೊಟ್ಟೆಯಲ್ಲಿದ್ದದ್ದು ಕರುಳಿಗೆ ಇಳಿಯುವುದು ತಡವಾಗುತ್ತದೆ, ಹಾಗಾಗಿ ಗ್ಲೂಕೋಸ್ ಏರುವುದೂ ತಡ. ಮೊದಲ ಗಂಟೆಯ ಓದು ಪೂರ್ತಿ ಕಥೆ ಹೇಳುವುದಿಲ್ಲ. ಹೊಸ ತಿಂಡಿಯೊಂದು ನಿಮ್ಮ ಮೈಗೆ ಹೇಗೆ ಎಂದು ತಿಳಿಯಬೇಕಿದ್ದರೆ ಎರಡು ಗಂಟೆಗೂ, ಮೂರು ಗಂಟೆಗೂ ನೋಡಿ. ಒಬ್ಬರ ಗ್ಲುಕೋಮೀಟರ್ ಫೋಟೋ ಇನ್ನೊಬ್ಬರಿಗೆ ಪುರಾವೆ ಆಗುವುದಿಲ್ಲ.

ನಿಜವಾದ ಅಪಾಯ ಇನ್ನೊಂದು ಕಡೆಯೂ ಇದೆ

ಅದೇ ಸಂದೇಶದ ಕೊನೆಯ ಸಾಲು: ‘ರಾತ್ರಿ ಊಟ ಬಿಟ್ಟು ಇದನ್ನೇ ತಿನ್ನಿ, 15 ದಿನದಲ್ಲಿ ಶುಗರ್ ಕಂಟ್ರೋಲ್.’ ರೆಸಿಪಿ ಸರಿಯಾಗಿದ್ದಾಗಲೇ ಈ ಸಾಲು ಹೆಚ್ಚು ಅಪಾಯಕಾರಿ.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ದಿನದ ಊಟಕ್ಕೆ ಹೊಂದಿಸಿದ ಔಷಧಿಯಲ್ಲಿರುತ್ತಾರೆ. ಎರಡು ರೊಟ್ಟಿಯ ಬದಲು 6 ಗ್ರಾಂ ಕಾರ್ಬ್‌ನ ಒಂದು ಬಟ್ಟಲು ತಿಂದು, ಔಷಧಿ ಮಾತ್ರ ಅಷ್ಟೇ ತೆಗೆದುಕೊಂಡರೆ ನಡುರಾತ್ರಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು: ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಅನ್ನು ದಿಢೀರನೆ ತೀರಾ ಇಳಿಸಿದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರುವ ಸಾಧ್ಯತೆ ಇದೆ. ಆದ್ದರಿಂದ ಊಟದ ಕ್ರಮ ಬದಲಿಸುವ ಮುಂಚೆ ವೈದ್ಯರ ಜೊತೆ ಔಷಧಿಯ ಮಾತು ಆಗಲೇಬೇಕು.

ಸಕ್ಕರೆ ಇಳಿದಾಗ ಚಾಕೊಲೇಟ್ ಕೊಡುವ ರೂಢಿಯೂ ಸರಿಯಲ್ಲ. ಕೊಬ್ಬು ಇರುವುದರಿಂದ ಅದು ನಿಧಾನ. ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ, ಅಂದರೆ ಸುಮಾರು 3 ಸಣ್ಣ ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಹೊತ್ತಿನಲ್ಲಿ ಸಕ್ಕರೆ ಔಷಧಿ, ಲೋ ಕಾರ್ಬ್ ಪುಡ್ಡಿಂಗ್ ಯಾವ ಉಪಯೋಗಕ್ಕೂ ಬರುವುದಿಲ್ಲ.

ಇಂಥ ಸಂದೇಶ ಯಾಕೆ ಇಷ್ಟು ಹರಡುತ್ತದೆ?

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಪ್ರತಿಯೊಂದು ಫ್ಯಾಮಿಲಿ ಗ್ರೂಪಿನಲ್ಲೂ ಹಬ್ಬದ ದಿನ ತಟ್ಟೆ ಸರಿಸುವ ಒಬ್ಬರಿದ್ದಾರೆ. ಅವರನ್ನು ಕಂಡು ಮರುಗುವವರು ಹತ್ತು ಜನರಿದ್ದಾರೆ. ‘ನೀವೂ ತಿನ್ನಬಹುದು’ ಎಂಬ ಸಂದೇಶ ಬಂದಾಗ ಆ ಹತ್ತು ಜನ ಲೆಕ್ಕ ನೋಡುವುದಿಲ್ಲ, ಫಾರ್ವರ್ಡ್ ಮಾಡುತ್ತಾರೆ. ಕಾಕು ಮಾಡಿದ್ದೂ ಅದನ್ನೇ. ಅದಕ್ಕೆ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಲೆಕ್ಕ ಹೇಳಿಕೊಟ್ಟರೆ ಸಾಕು. ಮುಂದಿನ ವಾರ ಅವರ ಅಡುಗೆಮನೆಯಲ್ಲೇ ಚಕ್ಕಾ ಕಟ್ಟಿದೆವು. ಕಾಕಾ ಒಂದೇ ಬಟ್ಟಲು ತಿಂದು, “ಸಿಹಿ ಸ್ವಲ್ಪ ಕಡಿಮಿ ಆತು, ಆದ್ರ ಛಲೋ ಐತಿ,” ಎಂದರು.

‘ಲೋ ಕಾರ್ಬ್’ ಎನ್ನುವುದು ತಿಂಡಿಯ ಹೆಸರಲ್ಲ, ಒಂದು ಲೆಕ್ಕ. ಎಷ್ಟು ಜನರಿಗೆ, ಯಾವ ಸಾಮಾನು, ಎಷ್ಟು ಗ್ರಾಂ ಎಂದು ಹೇಳದ ಸಂದೇಶ ಆ ಹೆಸರಿಗೆ ಅರ್ಹವಲ್ಲ. ಗ್ರೂಪಿನಲ್ಲಿ ಆ ಹಳೆಯ ರೆಸಿಪಿ ಮತ್ತೆ ಬಂದರೆ ಇದನ್ನು ಕಳಿಸಿ:

*ಖರ್ಜೂರ, ಬೆಲ್ಲ, ಜೇನು, ಬಿಸ್ಕತ್ತು, ಕಸ್ಟರ್ಡ್, ಡ್ರಿಂಕಿಂಗ್ ಚಾಕೊಲೇಟ್ ಹಾಕಿದ ಪುಡ್ಡಿಂಗ್ ಲೋ ಕಾರ್ಬ್ ಅಲ್ಲ. ಕಹಿ ಕೋಕೋ ಮತ್ತು ಚಕ್ಕಾ ಬಳಸಿ, ಸಿಹಿ ಕಡಿಮೆ ಹಾಕಿ, ಒಂದೇ ಸಣ್ಣ ಬಟ್ಟಲು ತಿನ್ನಿ. ಶುಗರ್ ಔಷಧಿ ಇದ್ದವರು ಊಟ ಬಿಟ್ಟು ಇದನ್ನು ತಿನ್ನಬೇಡಿ.*